ಎರಡು ಎಕರೆ, ಒಂದು ಹೊಂಡ, ಮೂರು ಮಳೆಗಾಲ

2022ರ ಜನವರಿಯಲ್ಲಿ ಮಧುಗಿರಿ ತಾಲೂಕಿನಲ್ಲಿ ನಾವು ಒಂದು ಕೆಂಪು ಮಣ್ಣಿನ ಹೊಲ ಕೊಂಡೆವು. 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಗಿತ್ತು. ನಾನೂ ನನ್ನ ಗಂಡನೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಕೆಲಸ ಬಿಡಲಿಲ್ಲ, ಈಗಲೂ ಬಿಟ್ಟಿಲ್ಲ. ಶನಿವಾರ ಬೆಳಗ್ಗೆ ಹೊರಟರೆ ಎರಡೂವರೆ ಗಂಟೆ ದಾರಿ. ಭಾನುವಾರ ಸಂಜೆ ವಾಪಸ್.

ಆಗ ನನ್ನ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದು ಇಷ್ಟು: ಒಂದು ಎಕರೆ ರಾಗಿ, ಅರ್ಧ ಎಕರೆ ತರಕಾರಿ, ಅರ್ಧ ಎಕರೆ ಹಣ್ಣಿನ ಗಿಡ, ಎರಡು ಹಸು, ಹತ್ತು ನಾಟಿ ಕೋಳಿ. ಎಲ್ಲವೂ ಮೊದಲ ವರ್ಷಕ್ಕೇ. ಈಗ ಅದೇ ನೋಟ್‌ಬುಕ್‌ನಲ್ಲಿ ಎಕರೆ ಲೆಕ್ಕ ಇಲ್ಲ, ಲೀಟರ್ ಲೆಕ್ಕ ಇದೆ. ಹೊಸದಾಗಿ ಹೊಲ ಮಾಡಲು ಹೊರಟವರು ಕೇಳಿದಾಗಲೆಲ್ಲ ನಾನು ಹೇಳುವುದು ನಮ್ಮ ಹೊಂಡದ ಕಥೆಯನ್ನೇ. ಅದನ್ನೇ ಇಲ್ಲಿ ದಿನಾಂಕದ ಸಮೇತ ಬರೆದಿದ್ದೇನೆ.

2022, ಫೆಬ್ರವರಿಯಿಂದ ಮೇ: ಅಳತೆ, ಬೇಲಿ, ಅಗೆತ

ಜಮೀನಿನ ದಾಖಲೆಯಾದ ಪಹಣಿಯಲ್ಲಿ 2 ಎಕರೆ 4 ಗುಂಟೆ ಅಂತ ಇತ್ತು. ಅದರಲ್ಲಿ 4 ಗುಂಟೆ ಖರಾಬು, ಅಂದರೆ ಸಾಗುವಳಿಗೆ ಬಾರದ, ಪಕ್ಕದ ಹಳ್ಳಕ್ಕೆ ಸೇರಿದ ಜಾಗ. ಹದ್ದುಬಸ್ತು, ಅಂದರೆ ಗಡಿಯ ಸರ್ಕಾರಿ ಅಳತೆ ಮಾಡಿಸಿದಾಗ ಕಲ್ಲು ನೆಟ್ಟಿದ್ದು ನಾವು ಅಂದುಕೊಂಡಿದ್ದ ಗಡಿಗಿಂತ ಸಾಕಷ್ಟು ಒಳಗೆ. ಬೇಲಿ ಹಾಕುವ ಮೊದಲೇ ಅಳತೆ ಮಾಡಿಸಿದ್ದು ನಾವು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ಇಲ್ಲದಿದ್ದರೆ ಅಷ್ಟೂ ಕಂಬ ಕಿತ್ತು ಮತ್ತೆ ನೆಡಬೇಕಿತ್ತು.

ನಮ್ಮ ಹೊಲ ಹೆಚ್ಚುಕಮ್ಮಿ ಚೌಕ. ಒಂದು ಬದಿ 90 ಮೀಟರ್, ಸುತ್ತಳತೆ 360 ಮೀಟರ್. ಮೂರು ಮೀಟರ್‌ಗೆ ಒಂದರಂತೆ 120 ಕಲ್ಲು ಕಂಬ. ಐದು ಸಾಲು ಮುಳ್ಳುತಂತಿ ಅಂದರೆ 1,800 ಮೀಟರ್. ಗೇಟು, ಕೂಲಿ ಎಲ್ಲ ಸೇರಿ 1 ಲಕ್ಷ 10 ಸಾವಿರ ಆಯಿತು. ದನ, ಕುರಿ ನಿಂತವು. ಹಂದಿ ನಿಲ್ಲಲಿಲ್ಲ, ಕೆಳಗಿನ ತಂತಿ ಎತ್ತಿಕೊಂಡು ನುಗ್ಗುತ್ತದೆ. ಬೇಲಿಗೆ ಮನೆ ಕರೆಂಟು ಕೊಡುವ ಯೋಚನೆಯನ್ನು ಮಾತ್ರ ಯಾರೂ ಮಾಡಬೇಡಿ. ಅದು ಅಪರಾಧ, ಅದಕ್ಕಿಂತ ಹೆಚ್ಚಾಗಿ ಅದು ಮನುಷ್ಯರನ್ನು ಕೊಲ್ಲುತ್ತದೆ.

ಮುಂದಿನದು ನೀರು. ಸುತ್ತಮುತ್ತ 900 ಅಡಿ ಕೊರೆದರೂ ಬರೀ ದೂಳು ಬಂದ ಬೋರ್‌ವೆಲ್‌ಗಳಿದ್ದವು. ಅಷ್ಟು ದುಡ್ಡನ್ನು ಒಂದೇ ತೂತಿಗೆ ಸುರಿಯುವ ಧೈರ್ಯ ನಮಗೆ ಬರಲಿಲ್ಲ. ಹೊಲದ ಮಳೆ ನೀರು ಹಿಡಿದಿಡುವ ಕೃಷಿ ಹೊಂಡ ಅಂತ ತೀರ್ಮಾನಿಸಿದೆವು. ಹೊಲದ ತಗ್ಗಿನ ಮೂಲೆ, ಮೇಲೆ 12 ಮೀಟರ್ ಉದ್ದ, 12 ಮೀಟರ್ ಅಗಲ, ಆಳ 3 ಮೀಟರ್.

ಇಲ್ಲಿ ಮೊದಲ ತಪ್ಪು ಲೆಕ್ಕ. 12 ಗುಣಿಸು 12 ಗುಣಿಸು 3, ಅಂದರೆ 432 ಘನ ಮೀಟರ್, 4 ಲಕ್ಷ 32 ಸಾವಿರ ಲೀಟರ್ ಅಂತ ಬರೆದುಕೊಂಡಿದ್ದೆ. ಆದರೆ ಹೊಂಡದ ಗೋಡೆ ನೆಟ್ಟಗೆ ಇರುವುದಿಲ್ಲ. ಇದ್ದರೆ ಕುಸಿಯುತ್ತದೆ. ಒಂದು ಮೀಟರ್ ಇಳಿದರೆ ಒಂದು ಮೀಟರ್ ಒಳಗೆ ಬರುವ ಹಾಗೆ ಇಳಿಜಾರು ಕೊಡಬೇಕು. ಆಗ ತಳ 6 ಮೀಟರ್ ಚೌಕ ಆಗುತ್ತದೆ, ಒಟ್ಟು ಹಿಡಿಯುವುದು 2 ಲಕ್ಷ 52 ಸಾವಿರ ಲೀಟರ್. ಮೇಲೆ ಒಂದು ಅಡಿ ಖಾಲಿ ಬಿಡಲೇಬೇಕು. ಉಳಿಯುವುದು ಸುಮಾರು 2 ಲಕ್ಷ 11 ಸಾವಿರ. ಅಂದುಕೊಂಡಿದ್ದರ ಅರ್ಧಕ್ಕಿಂತ ಕಡಿಮೆ. ಜೆಸಿಬಿ ಬಂದು ನಿಂತ ದಿನ ಈ ಲೆಕ್ಕ ನನಗೆ ಗೊತ್ತಿರಲಿಲ್ಲ.

ಅಗೆತ ಎರಡು ದಿನ, ಜೆಸಿಬಿ ಮೀಟರ್ ಪ್ರಕಾರ 14 ಗಂಟೆ. ಗಂಟೆಗೆ 1,200 ರೂಪಾಯಿ. ಮೇಲಿನ ಒಂದು ಅಡಿ ಒಳ್ಳೆ ಮಣ್ಣು, ಅದರ ಕೆಳಗೆಲ್ಲ ಗರಸು, ಅಂದರೆ ಸಣ್ಣ ಕಲ್ಲು ತುಂಬಿದ ಒರಟು ಮಣ್ಣು. ಮೇಲ್ಮಣ್ಣನ್ನು ಬೇರೆ ಗುಡ್ಡೆ ಹಾಕಿಸಿಕೊಳ್ಳಬೇಕು ಅಂತ ನಮಗೆ ಹೊಳೆಯಲಿಲ್ಲ. ಹೊಂಡದ ಅಂಚಿನ ಏರಿಗೆ ಹಾಕಿ ಉಳಿದದ್ದನ್ನು ಡ್ರೈವರ್ ಪಕ್ಕದಲ್ಲೇ ಹರಡಿ ಹೋದರು. ಹತ್ತು ಗುಂಟೆ ಜಾಗದ ಮೇಲೆ ನಾಲ್ಕು ಇಂಚು ಗರಸು ಕೂತಿತು. ಆ ಹತ್ತು ಗುಂಟೆಯಲ್ಲಿ ಇವತ್ತಿಗೂ ರಾಗಿ ಮೊಣಕಾಲು ದಾಟುವುದಿಲ್ಲ. ನೀವು ಹೊಂಡ ತೆಗೆಸುವುದಾದರೆ ಮೊದಲ ಒಂದು ಗಂಟೆ ಜೆಸಿಬಿ ಪಕ್ಕದಲ್ಲೇ ನಿಂತು ಮೇಲ್ಮಣ್ಣನ್ನು ಬೇರೆ ಮಾಡಿಸಿ. ಆ ಮಣ್ಣು ಮತ್ತೆ ಹುಟ್ಟುವುದಕ್ಕೆ ನಮ್ಮ ಆಯಸ್ಸು ಸಾಲದು.

2022, ಸೆಪ್ಟೆಂಬರ್: ಏರಿ ಒಡೆಯಿತು

ಆ ವರ್ಷದ ಮಳೆ ನೆನಪಿದೆ ಅಲ್ವಾ? ಆಗಸ್ಟ್ ಕೊನೆಯಿಂದ ತುಮಕೂರು ಜಿಲ್ಲೆಯ ಕೆರೆಗಳು ಒಂದೊಂದಾಗಿ ಕೋಡಿ ಬಿದ್ದವು. ಜಯಮಂಗಲಿ ನದಿ ಮೈದುಂಬಿ ಹರಿದಳು. ನಮ್ಮ ಹೊಂಡ ಮಘೆ ಮಳೆಗೇ ತುಂಬಿತು. ಅವತ್ತು ನಾವು ಏರಿಯ ಮೇಲೆ ಕೂತು ಊಟ ಮಾಡಿದೆವು.

ಹುಬ್ಬೆ ಮಳೆಯ ಒಂದು ರಾತ್ರಿ ಏರಿ ಒಡೆಯಿತು. ನಾವು ಬೆಂಗಳೂರಿನಲ್ಲಿದ್ದೆವು. ಬೆಳಗ್ಗೆ ಆರಕ್ಕೆ ಕೆಳಗಿನ ಹೊಲದ ಅಜ್ಜ ಫೋನ್ ಮಾಡಿದರು. ರಜೆ ಹಾಕಿ ಹೋದೆವು. ತಗ್ಗಿನ ಕಡೆ ನಾಲ್ಕು ಅಡಿ ಅಗಲಕ್ಕೆ ಏರಿ ಕೊಚ್ಚಿಹೋಗಿತ್ತು. ಮಣ್ಣೆಲ್ಲ ಅಜ್ಜನ ಕಡಲೆಕಾಯಿ ಹೊಲದ ಮೇಲೆ ಕೂತಿತ್ತು. ಕೀಳುವುದಕ್ಕೆ ಎರಡು ವಾರ ಇದ್ದ ಬೆಳೆ ಅದು. ನಾನು ಏನು ಹೇಳಬೇಕೋ ತಿಳಿಯದೆ ನಿಂತಿದ್ದೆ. ಅಜ್ಜ ಬೈಯಲಿಲ್ಲ. ಗುದ್ದಲಿ ತಂದಿದ್ದರು.

"ಏರಿ ಕಟ್ಟಿದ ಮೇಲೆ ಕೋಡಿ ಬಿಡ್ಬೇಕು ಕಣಮ್ಮ. ತುಂಬಿದ ನೀರು ಎಲ್ಲಿಗೆ ಹೋಗ್ಬೇಕು ಹೇಳು?" ಅಂದರು.

ಹೊಂಡ ಅಂದರೆ ಗುಂಡಿ ಅಂತ ನಾವು ತಿಳಿದಿದ್ದೆವು. ಅಜ್ಜ ಅದನ್ನು ಒಂದು ಪುಟ್ಟ ಕೆರೆ ಅಂತ ನೋಡುತ್ತಿದ್ದರು. ಕೆರೆ ಅಂದರೆ ಏರಿ, ಕಾಲುವೆ, ಕೋಡಿ ಎಲ್ಲ ಬೇಕು. ಒಂದು ಇಲ್ಲದಿದ್ದರೂ ಉಳಿದದ್ದು ನಿಲ್ಲುವುದಿಲ್ಲ. ಅವರ ನಷ್ಟಕ್ಕೆ ದುಡ್ಡು ಕೊಟ್ಟೆವು, ಮಣ್ಣನ್ನೂ ತೆಗೆಸಿಕೊಟ್ಟೆವು. ಆದರೂ ಆ ಬೆಳಗ್ಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಒಡೆದ ಜಾಗವನ್ನು ಮೊದಲು ಸುಮ್ನೆ ಮಣ್ಣು ತುಂಬಿ ಮುಚ್ಚಿದೆವು. ಮುಂದಿನ ಮಳೆಗೆ ಅದೇ ಜಾಗ ಮತ್ತೆ ಹೋಯಿತು. ಹಳೆ ಮಣ್ಣಿಗೂ ಹೊಸ ಮಣ್ಣಿಗೂ ಹಿಡಿತವೇ ಇರಲಿಲ್ಲ. ಎರಡನೇ ಸಲ ಅಜ್ಜ ನಿಂತು ಮಾಡಿಸಿದರು. ಒಡೆದ ಎರಡೂ ಬದಿಯನ್ನು ಗಟ್ಟಿ ಮಣ್ಣು ಸಿಗುವ ತನಕ ಕೆತ್ತಿ, ಮೆಟ್ಟಿಲು ಮೆಟ್ಟಿಲಾಗಿ ಕಡಿದರು. ಅರ್ಧ ಅಡಿ ಮಣ್ಣು ಹಾಕುವುದು, ನೀರು ಚಿಮುಕಿಸುವುದು, ದಮ್ಮಸ್ಸಿನಿಂದ ಬಡಿಯುವುದು. ಮತ್ತೆ ಅರ್ಧ ಅಡಿ. ನಾಲ್ಕು ಅಡಿ ಅಗಲದ ಬಾಯಿ ಮುಚ್ಚಲು ಮೂರು ಜನಕ್ಕೆ ಎರಡು ದಿನ ಬೇಕಾಯಿತು. ಆ ಜಾಗ ಆಮೇಲೆ ಒಂದು ಹಿಡಿ ಮಣ್ಣನ್ನೂ ಬಿಟ್ಟುಕೊಟ್ಟಿಲ್ಲ.

ಆ ವರ್ಷದ ರಾಗಿ ಬಗ್ಗೆ ಸ್ವಲ್ಪ. ಒಂದು ಎಕರೆಗೆ ಜಿಪಿಯು-28 ರಾಗಿ ಹಾಕಿದ್ದೆವು. ಸುಮಾರು 110 ದಿನದ ತಳಿ. ಜುಲೈನಲ್ಲಿ ಬಿತ್ತನೆಗೆ ಬೇಕಾದ ಮಣ್ಣಿನ ಹದ ಸಿಕ್ಕಿದ ದಿನ ಬುಧವಾರ. ನಾವು ಹೋಗಿದ್ದು ಶನಿವಾರ. ಅಷ್ಟರಲ್ಲಿ ಮಣ್ಣು ಒಣಗಿತ್ತು. ಹಾಗೆ ತಪ್ಪಿಹೋಗಿ ಬಿತ್ತನೆ ಆಗಸ್ಟ್‌ಗೆ ಹೋಯಿತು, ಕೊಯ್ಲು ಡಿಸೆಂಬರ್‌ಗೆ ಬಂತು. ಕೊಯ್ದು, ಒಣಗಲು ಹೊಲದಲ್ಲೇ ಅರಿ ಬಿಟ್ಟಿದ್ದಾಗ ಮಾಂಡೌಸ್ ಚಂಡಮಾರುತ ಬಂತು. ಮೂರು ದಿನ ಜಿಟಿಜಿಟಿ ಮಳೆ. ತೆನೆಯಲ್ಲೇ ಮೊಳಕೆ. ಸಿಕ್ಕಿದ್ದು ನಾಲ್ಕು ಕ್ವಿಂಟಲ್, ಅದರ ಬಣ್ಣವೂ ಕೆಟ್ಟಿತ್ತು. ಆ ಸಾಲಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 3,578 ರೂಪಾಯಿ. ನಮ್ಮ ಬಳಿ ಆಗ ರೈತರ ಸರ್ಕಾರಿ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿಯೂ ಇರಲಿಲ್ಲ, ಆ ಗುಣಮಟ್ಟದ ಕಾಳನ್ನು ಖರೀದಿ ಕೇಂದ್ರದಲ್ಲಿ ತೆಗೆದುಕೊಳ್ಳುತ್ತಲೂ ಇರಲಿಲ್ಲ. ಒಂದು ಕ್ವಿಂಟಲ್ ಇಟ್ಟುಕೊಂಡು ಮೂರನ್ನು 2,000ದಂತೆ ಮಾರಿದೆವು. ಉಳುಮೆ 4,000, ಬೀಜ 300, ಒಂದು ಮೂಟೆ ಡಿಎಪಿ ಗೊಬ್ಬರ 1,350, ಕಳೆ 4,200, ಕೊಯ್ಲು 4,000, ಒಕ್ಕಣೆ 2,000. ಖರ್ಚು 15,850, ಕೈಗೆ ಬಂದಿದ್ದು 6,000.

2023: ಸೋರಿಕೆ

ನಿಜವಾದ ಪಾಠ ಬಂದಿದ್ದು ಎರಡನೇ ವರ್ಷ. ಅದಕ್ಕೆ ಮೊದಲ ವರ್ಷವೇ ಕಾರಣ.

2022ರಲ್ಲಿ ಹೊಂಡ ಡಿಸೆಂಬರ್ ತನಕ ತುಂಬಿಯೇ ಇತ್ತು. ನಮ್ಮ ಮಣ್ಣು ನೀರು ಹಿಡಿಯುತ್ತದೆ, ಹೊಂಡದ ಒಳಗೆ ತಾಡಪಾಲು ಹಾಕುವ ಖರ್ಚು ಬೇಡ ಅಂತ ನಿರ್ಧರಿಸಿಬಿಟ್ಟೆವು. ಹಿಡಿಯುತ್ತಿರಲಿಲ್ಲ. ಸೋರಿದಷ್ಟೂ ಮೇಲಿನಿಂದ ಬರುತ್ತಿತ್ತು, ಅಷ್ಟೇ. ನೀರು ಒಳಗೆ ಬರುವುದು ನಿಲ್ಲದೆ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ಮೊದಲ ವರ್ಷವೇ ಒಳ್ಳೆ ಮಳೆ ಕಂಡವರಿಗೆ ಈ ಅಪಾಯ ಜಾಸ್ತಿ. ಹೊಲ ಹೀಗೇ ಇರುತ್ತದೆ ಅಂತ ಮನಸ್ಸಿನಲ್ಲಿ ಕೂತುಬಿಡುತ್ತದೆ. ಆ ನಂಬಿಕೆ ಮೇಲೆ ನಾವು 60 ಹಣ್ಣಿನ ಗಿಡ ನೆಟ್ಟಿದ್ದೆವು. ಮಾವು, ಸಪೋಟ, ಹಲಸು, ನೇರಳೆ, ಸೀತಾಫಲ, ನೆಲ್ಲಿ.

2023ರ ಮೇ ತಿಂಗಳ ಮಳೆಗೆ ಹೊಂಡದಲ್ಲಿ ಒಂದೂವರೆ ಮೀಟರ್ ನೀರು ನಿಂತಿತು. ಅರ್ಧ ಆಳ. ಅರ್ಧ ಹೊಂಡ ತುಂಬಿದೆ ಅಂತ ಖುಷಿಪಟ್ಟೆವು. ಆದರೆ ತಳ ಕಿರಿದು, ಬಾಯಿ ಅಗಲ. ಅರ್ಧ ಆಳದಲ್ಲಿ ಇರುವುದು ಸುಮಾರು 85 ಸಾವಿರ ಲೀಟರ್, ಪೂರ್ತಿ ಹೊಂಡದ ಮೂರನೇ ಒಂದು ಭಾಗ ಮಾತ್ರ. ಆಮೇಲೆ ದಿನದಿಂದ ದಿನಕ್ಕೆ ನೀರು ಇಳಿಯತೊಡಗಿತು. ಬಿಸಿಲಿಗೆ ಅಂತ ನನ್ನ ಗಂಡ, ಸೋರುತ್ತಿದೆ ಅಂತ ನಾನು.

ತೀರ್ಮಾನ ಮಾಡಲು ಒಂದು ಸರಳ ಪರೀಕ್ಷೆ ಇದೆ, ಎಲ್ಲರೂ ಮಾಡಬಹುದು. ಒಂದು ಬಕೆಟ್‌ಗೆ ನೀರು ತುಂಬಿ, ಒಳಗೆ ಗೆರೆ ಹಾಕಿ, ಹೊಂಡದ ಅಂಚಿನ ನೀರಿನಲ್ಲೇ ಕಲ್ಲಿನ ಮೇಲೆ ನಿಲ್ಲಿಸಿ. ಹೊಂಡದಲ್ಲಿ ಇಂಚು, ಸೆಂಟಿಮೀಟರ್ ಗುರುತು ಹಾಕಿದ ಕೋಲು ನೆಡಿ. ಬಕೆಟ್‌ನ ನೀರು ಇಳಿದರೆ ಅದು ಬಿಸಿಲಿಗೆ ಹೋಗಿದ್ದು. ಹೊಂಡದ ನೀರು ಅದಕ್ಕಿಂತ ಎಷ್ಟು ಜಾಸ್ತಿ ಇಳಿಯಿತೋ ಅಷ್ಟೂ ಸೋರಿಕೆ. ಮಳೆ ಬಾರದ ದಿನಗಳಲ್ಲಿ ಮಾಡಬೇಕು, ಒಂದೇ ಹೊತ್ತಿಗೆ ನೋಡಬೇಕು. ಅಜ್ಜನ ಮೊಮ್ಮಗಳು ದಿನಾ ಬೆಳಗ್ಗೆ ಓದಿ ಫೋನಿನಲ್ಲಿ ಹೇಳುತ್ತಿದ್ದಳು. ಬಕೆಟ್ ದಿನಕ್ಕೆ ಅರ್ಧ ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಇಳಿಯಿತು. ಹೊಂಡದ ನೀರು ಏಳು ಸೆಂಟಿಮೀಟರ್. ದಿನಕ್ಕೆ ಸುಮಾರು 5 ಸಾವಿರ ಲೀಟರ್ ಗರಸಿನೊಳಗೆ ಇಳಿದುಹೋಗುತ್ತಿತ್ತು. ಮೂರು ವಾರಕ್ಕೆ ಹೊಂಡ ಬರಿದಾಯಿತು.

ಆಮೇಲೆ ಆ ವರ್ಷದ ಆಗಸ್ಟ್ ಬಂತು. 1901ರಿಂದ ಈಚೆಗೆ ದೇಶದಲ್ಲಿ ಅಷ್ಟು ಒಣ ಆಗಸ್ಟ್ ಇರಲಿಲ್ಲ. ರಾಜ್ಯದ 223 ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ನಮ್ಮ ರಾಗಿ ಗೇಣುದ್ದ ಬೆಳೆದು ನಿಂತಿತು. ಮೇವಿಗೆ ಕೊಯ್ದು ಅಜ್ಜನ ಹಸುಗಳಿಗೆ ಕೊಟ್ಟೆವು. ಗಿಡಗಳಿಗೆ 5 ಸಾವಿರ ಲೀಟರ್‌ನ ಟ್ಯಾಂಕರ್ ತರಿಸಿ, ಬುಡಕ್ಕೆ ಒಣ ಹುಲ್ಲು ಮುಚ್ಚಿ, ತಳಕ್ಕೆ ಬತ್ತಿ ಇಟ್ಟ ಮಡಕೆ ಹೂತು ಕಾಪಾಡಲು ನೋಡಿದೆವು. 60ರಲ್ಲಿ ಉಳಿದಿದ್ದು 23.

ಆ ಮಾರ್ಗಶಿರದ ಚಳಿಯಲ್ಲಿ ಹೊಲ ಬಿಟ್ಟುಬಿಡೋಣವಾ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದು ನಿಜ. ಬಿಡಲಿಲ್ಲ. ಬದಲಿಗೆ ಕೂತು ಲೆಕ್ಕ ಹಾಕಿದೆವು. ಒಂದು ಎಕರೆ ಅಂದರೆ 4,047 ಚದರ ಮೀಟರ್. ಅದಕ್ಕೆ ಎರಡು ಇಂಚು ನೀರು ಒಂದು ಸಲ ಹಾಯಿಸಬೇಕಾದರೆ 2 ಲಕ್ಷ ಲೀಟರ್ ಬೇಕು. ಅಂದರೆ ನಮ್ಮ ತುಂಬಿದ ಹೊಂಡ ಒಂದು ಎಕರೆಗೆ ಒಂದೇ ಒಂದು ಸಲದ ನೀರು. ಒಂದೊಂದು ಇಂಚಿನಂತೆ ಕೊಟ್ಟರೆ ಎರಡು ಸಲ. ಇಷ್ಟು ನೀರಿಟ್ಟುಕೊಂಡು ಅರ್ಧ ಎಕರೆ ತರಕಾರಿ, ಎರಡು ಹಸು ಅಂತ ಬರೆದಿದ್ದೆ ನಾನು. ಹೊಂಡ ಬೆಳೆ ಬೆಳೆಸುವುದಿಲ್ಲ. ಮಳೆ ಕೈಕೊಟ್ಟ ಹತ್ತಿಪ್ಪತ್ತು ದಿನ ಬೆಳೆಯ ಜೀವ ಹಿಡಿದುಕೊಳ್ಳುತ್ತದೆ. ಅದರ ಕೆಲಸ ಅಷ್ಟು. ಆ ಕೆಲಸ ಎಷ್ಟು ದೊಡ್ಡದು ಅನ್ನುವುದು ಮುಂದಿನ ವರ್ಷ ಗೊತ್ತಾಯಿತು.

2024, ಫೆಬ್ರವರಿಯಿಂದ ಮೇ: ಹಾಳೆ ಹಾಕಿದ್ದು

ಸೋರಿಕೆ ನಿಲ್ಲಿಸಲು ಹೊಂಡದ ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಿದೆವು. ಈ ಭಾಗವನ್ನು ಬಿಡಿಸಿ ಬರೆಯುತ್ತೇನೆ. ಮಾಡುವವರಿಗೆ ಉಪಯೋಗ ಆಗಲಿ.

ಮೊದಲು ಹೂಳು. ತಳದಲ್ಲಿ ಒಂದೂಕಾಲು ಅಡಿ ಕೂತಿತ್ತು. ಕೈಯಲ್ಲೇ ತೆಗೆಸಿದೆವು. ಅದನ್ನು ಗರಸು ಬಿದ್ದ ಆ ಹತ್ತು ಗುಂಟೆಗೇ ಹರಡಿದೆವು. ಸ್ವಲ್ಪ ನಯವಾದ ಹೂಳನ್ನು ಪಕ್ಕಕ್ಕಿಟ್ಟುಕೊಂಡೆವು.

ಆಮೇಲೆ ಇಳಿಜಾರು. ಎರಡು ಮಳೆಗಾಲಕ್ಕೆ ಅಲ್ಲಲ್ಲಿ ಕೊರೆದುಹೋಗಿತ್ತು. ಗುದ್ದಲಿಯಲ್ಲಿ ಸಮ ಮಾಡಿ, ಕಲ್ಲು, ಬೇರು ಎಲ್ಲ ಆರಿಸಿದೆವು. ನಾಲ್ಕು ಭಾನುವಾರ ಇದೇ ಕೆಲಸ. ಅಂಗೈಯಲ್ಲಿ ಸವರಿದರೆ ಎಲ್ಲೂ ಚುಚ್ಚಬಾರದು. ಚುಚ್ಚುವ ಒಂದು ಕಲ್ಲು ಉಳಿದರೂ ನೀರಿನ ಭಾರಕ್ಕೆ ಹಾಳೆ ಅಲ್ಲೇ ತೂತಾಗುತ್ತದೆ. ಆಮೇಲೆ ಇಟ್ಟುಕೊಂಡಿದ್ದ ಹೂಳನ್ನು ಜರಡಿ ಹಿಡಿದು, ಕಲಸಿ, ಗೋಡೆಗೆ ಸಾರಿಸಿದ ಹಾಗೆ ಎರಡು ಇಂಚು ಮೆತ್ತಿದೆವು. ಅಜ್ಜನ ಸೊಸೆ ಮತ್ತು ಊರಿನ ಮೂವರು ಅಕ್ಕಂದಿರು ಮಾಡಿದ ಕೆಲಸ ಅದು. ಒಲೆ ಸಾರಿಸಿದಷ್ಟು ನಯ ಬಂದಿತ್ತು.

ಹಾಳೆಯ ಅಳತೆ. ಕಾಗದದ ಲೆಕ್ಕದಲ್ಲಿ ಇಳಿಜಾರಿನ ಉದ್ದ 4.24 ಮೀಟರ್, ಎರಡು ಬದಿ ಮತ್ತು ತಳ ಸೇರಿ ಹದಿನಾಲ್ಕೂವರೆ ಮೀಟರ್. ಆದರೆ ಹೊಂಡ ಕಾಗದದ ಹಾಗೆ ಇರುವುದಿಲ್ಲ. ಹಗ್ಗವನ್ನು ಈ ಅಂಚಿನಿಂದ ಇಳಿಸಿ, ತಳದಲ್ಲಿ ಎಳೆದು, ಆ ಅಂಚಿಗೆ ಹತ್ತಿಸಿ ಅಳೆದಾಗ 14.9 ಬಂತು. ಮೇಲೆ ಸುತ್ತಲೂ ಹಾಳೆ ಹೂಳುವ ಕಾಲುವೆ ಬೇಕು. ಅಂಚಿನಿಂದ ಎರಡು ಅಡಿ ದೂರದಲ್ಲಿ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ. ಅದಕ್ಕೆ ಒಂದೊಂದು ಬದಿಗೂ ಒಂದೂವರೆ ಮೀಟರ್ ಸೇರಿಸಿ 18 ಮೀಟರ್ ಚೌಕದ ಹಾಳೆ ತರಿಸಿದೆವು. 500 ಮೈಕ್ರಾನ್ ದಪ್ಪದ ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್, 324 ಚದರ ಮೀಟರ್, 34 ಸಾವಿರ ರೂಪಾಯಿ. ತೂಕ ಒಂದೂವರೆ ಕ್ವಿಂಟಲ್. ಅಂಗಡಿಯಲ್ಲಿ ಸಿಗುವ ನೀಲಿ ಟಾರ್ಪಾಲು ಇದಕ್ಕೆ ಆಗುವುದಿಲ್ಲ, ಒಂದೆರಡು ಬೇಸಿಗೆಗೆ ಹರಿದು ಚೂರಾಗುತ್ತದೆ.

ಹಾಸಿದ್ದು ಏಪ್ರಿಲ್‌ನ ಒಂದು ಭಾನುವಾರ, ಬೆಳಗ್ಗೆ ಆರು ಗಂಟೆಗೆ. ಬಿಸಿಲೇರಿದರೆ ಹಾಳೆ ಹಿಗ್ಗುತ್ತದೆ, ಗಾಳಿ ಬಂದರೆ ಹಾಯಿಯ ಹಾಗೆ ಏಳುತ್ತದೆ. ಎಂಟು ಜನ, ಎಲ್ಲರೂ ಬರಿಗಾಲು. ಬಿಗಿಯಾಗಿ ಎಳೆಯಬಾರದು. ರಾತ್ರಿ ತಂಪಿಗೆ ಅದು ಕುಗ್ಗುತ್ತದೆ, ಬಿಗಿ ಇದ್ದರೆ ಮೂಲೆಗಳಲ್ಲಿ ಸೀಳುತ್ತದೆ. ಸಡಿಲವಾಗಿ ಬಿಟ್ಟು, ಅಂಚಿಗೆ ಮರಳು ಚೀಲ ಹೇರಿ, ಒಂದು ಟ್ಯಾಂಕರ್ ನೀರು ಬಿಟ್ಟೆವು. 5 ಸಾವಿರ ಲೀಟರ್ ಅಂದರೆ ತಳದಲ್ಲಿ ಐದು ಇಂಚಿಗಿಂತ ಸ್ವಲ್ಪ ಜಾಸ್ತಿ ನೀರು. ಆ ಭಾರಕ್ಕೆ ಹಾಳೆ ತಾನಾಗಿ ಇಳಿದು ಕೂತಿತು. ಆಮೇಲೆ ಕಾಲುವೆಗೆ ಮಣ್ಣು ತುಂಬಿ ಬಡಿದೆವು.

ಅಂದುಕೊಳ್ಳದ್ದು ಒಂದು ಆಯಿತು. ಮಣ್ಣು ತುಂಬುವಾಗ ಹಾರೆ ಜಾರಿ ಹಾಳೆಯ ಮೇಲೆ ಬಿದ್ದು ಮೂರು ಇಂಚು ಸೀಳಿತು. ಎಚ್‌ಡಿಪಿಇಗೆ ಯಾವ ಗೋಂದೂ ಹಿಡಿಯುವುದಿಲ್ಲ. ಬಿಸಿಗಾಳಿ ಯಂತ್ರದಿಂದಲೇ ಬೆಸೆಯಬೇಕು. ಸೀಳಿನ ಸುತ್ತ ನಾಲ್ಕು ಇಂಚು ಜಾಸ್ತಿ ಇರುವ ತುಂಡು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಎರಡೂ ಮುಖ ಒರೆಸಿ ಒಣಗಿಸಿ, ಬಿಸಿ ಮಾಡುತ್ತಾ ರೋಲರ್‌ನಿಂದ ಒತ್ತಿದೆವು. ಹಾಳೆ ಕೊಟ್ಟವರ ಬಳಿ ಕೇಳಿ ಒಂದು ಮೀಟರ್ ತುಂಡು ಜಾಸ್ತಿ ಇಸಿದುಕೊಂಡಿದ್ದು ಆಗ ಕೈ ಹಿಡಿಯಿತು.

ನೀರು ಬರುವ ದಾರಿಯನ್ನೂ ಬದಲಿಸಿದೆವು. ಹೊಲದ ಮಳೆ ನೀರು ತರುವ ಕಾಲುವೆಯಿಂದ ನೀರು ಮೊದಲು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ಹೂಳು ಗುಂಡಿಗೆ ಬೀಳುತ್ತದೆ. ಅಲ್ಲಿ ಮಣ್ಣು ಬಿಟ್ಟು, ಆರು ಇಂಚಿನ ಎರಡು ಪೈಪ್‌ನಲ್ಲಿ ಹೊಂಡಕ್ಕೆ ಹೋಗುತ್ತದೆ. ಅದೇ ಗುಂಡಿಯ ಪಕ್ಕಕ್ಕೆ ಕಲ್ಲು ಕಟ್ಟಿದ ಒಂದು ಮೀಟರ್ ಅಗಲದ ಕೋಡಿ, ಹಳ್ಳದ ಕಡೆಗೆ. ಹೊಂಡ ತುಂಬಿದ ಮೇಲೆ ನೀರು ಒಳಗೆ ಹೋಗದೆ ಹಳ್ಳಕ್ಕೆ ತಿರುಗುತ್ತದೆ. ಅಜ್ಜನ ಹೊಲದ ಕಡೆಗೆ ಒಂದು ಹನಿಯೂ ಹೋಗಬಾರದು ಅಂತ ಮಟ್ಟ ಹಿಡಿದು ಮೂರು ಸಲ ನೋಡಿದೆವು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮುಂದಕ್ಕೆ ಹಾಕಬೇಡಿ. ಹಾಳೆ ಹಾಕಿದ ಹೊಂಡದಲ್ಲಿ ಬಿದ್ದವರು ಹತ್ತಿ ಬರಲಾರರು. ನೀರು ತಾಗಿದರೆ ಅದು ಪಾಚಿಗಿಂತ ಜಾರುತ್ತದೆ. ಈಜು ಬಂದವರೂ ಹೋಗಿದ್ದಾರೆ. ಹೊಂಡಕ್ಕೆ ನೀರು ಬರುವ ಮೊದಲೇ ಸುತ್ತಲೂ ಐದು ಅಡಿ ಬೇಲಿ, ಬೀಗ ಹಾಕುವ ಗೇಟು. ನಾಲ್ಕು ಬದಿಗೂ ಕಂಬಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟ ಗಂಟು ಹಗ್ಗ, ತುದಿಗೆ ಗಾಳಿ ತುಂಬಿದ ಟಯರ್ ಟ್ಯೂಬು. ಇದಕ್ಕೆ 14 ಸಾವಿರ ಹೆಚ್ಚಿಗೆ ಆಯಿತು. ಆ ವರ್ಷ ಬೇರೆ ಏನನ್ನಾದರೂ ಬಿಡುತ್ತಿದ್ದೆವು, ಇದನ್ನಲ್ಲ.

2024, ಮಳೆಗಾಲ

ಈ ಸಲ ರಾಗಿ ಅರ್ಧ ಎಕರೆಗೆ ಮಾತ್ರ. ಉಳಿದ ಜಾಗಕ್ಕೆ ಹುರುಳಿ ಚೆಲ್ಲಿದೆವು. ಹದ ಭಾನುವಾರಕ್ಕೆ ಕಾಯುವುದಿಲ್ಲ ಅಂತ ಗೊತ್ತಾಗಿತ್ತಲ್ಲ, ಅದಕ್ಕೆ ಬಿತ್ತನೆ ಬಿಟ್ಟು ನಾಟಿಗೆ ಹೋದೆವು. ಜುಲೈ ಮೊದಲ ವಾರ ಒಟ್ಲು, ಅಂದರೆ ಸಸಿ ಮಡಿ ಹಾಕಿ, ಹೊಂಡದ ನೀರು ಕೊಟ್ಟು, ತಿಂಗಳ ಕೊನೆಗೆ ಪೈರು ನೆಟ್ಟೆವು. ಆಳುಗಳಿಗೆ ಹದಿನೈದು ದಿನ ಮುಂಚೆ ಹೇಳಿಟ್ಟಿದ್ದೆವು. ಊರಿನ ಎಲ್ಲ ಹೊಲಕ್ಕೂ ಒಂದೇ ವಾರದಲ್ಲಿ ಆಳು ಬೇಕಾಗುತ್ತದೆ. ಹೊಸಬರು ಕೊನೆಗೆ ನಿಲ್ಲಬೇಕು, ಅದು ನ್ಯಾಯವೇ.

ಸೆಪ್ಟೆಂಬರ್‌ನಲ್ಲಿ ನಮ್ಮ ಹೊಲದ ಮೇಲೆ 19 ದಿನ ಮಳೆ ಬೀಳಲಿಲ್ಲ. ರಾಗಿ ತೆನೆ ಹಾಯುವ ಹೊತ್ತು. ಹೊಂಡದಲ್ಲಿ ನೀರಿತ್ತು. ಎರಡು ಇಂಚಿನ ಸಣ್ಣ ಪಂಪ್ ಇಳಿಸಿ, ಮಳೆಯ ಹಾಗೆ ನೀರು ಚಿಮ್ಮಿಸುವ ರೇನ್ ಪೈಪ್ ಹಾಸಿ, ಸಾಲು ಬದಲಿಸುತ್ತಾ ಅರ್ಧ ಎಕರೆಗೆ ಒಂದು ಇಂಚು ನೀರು ಕೊಟ್ಟೆವು. 50 ಸಾವಿರ ಲೀಟರ್, ಮೂರೂವರೆ ಗಂಟೆ. ಹತ್ತು ದಿನ ಬಿಟ್ಟು ಇನ್ನೊಂದು ಸಲ. ಸುರುಳಿ ಸುತ್ತಿಕೊಂಡಿದ್ದ ಗರಿಗಳು ಮಾರನೇ ಬೆಳಗ್ಗೆ ಬಿಚ್ಚಿಕೊಂಡು ನಿಂತಿದ್ದವು. ನಾನು ಆ ಸೋಮವಾರವೂ ರಜೆ ಹಾಕಿ ಅದನ್ನು ನೋಡಿಕೊಂಡೇ ಬಂದೆ.

ನವೆಂಬರ್ 18ಕ್ಕೆ ಕೊಯ್ಲು. ಈ ಸಲ ಅರಿಯಲ್ಲಿ ಜಾಸ್ತಿ ದಿನ ಬಿಡಲಿಲ್ಲ. ಪೈರನ್ನು ಸಿವುಡು ಸಿವುಡಾಗಿ ಕಟ್ಟಿ, ಮೆದೆ (ಬಣವೆ) ಒಟ್ಟಿ, ಮೇಲೆ ಟಾರ್ಪಾಲು ಬಿಗಿದು ಬಂದೆವು. ಡಿಸೆಂಬರ್ ಮೊದಲ ದಿನಗಳಲ್ಲಿ ಫೆಂಗಲ್ ಚಂಡಮಾರುತದ ಮಳೆ ಸುರಿಯಿತು. ಮೆದೆಯೊಳಗೆ ಕೈ ಹಾಕಿದರೆ ಬೆಚ್ಚಗಿತ್ತು, ಒಣಗಿತ್ತು. ಒಕ್ಕಿದಾಗ ಐದು ಕ್ವಿಂಟಲ್. ಎರಡು ಮನೆಗೆ. ಮೂರು ಕ್ವಿಂಟಲ್ ಪರಿಚಯದವರಿಗೆ ಕೆಜಿಗೆ 45 ರೂಪಾಯಿಯಂತೆ, 13,500. ಖರ್ಚು 9,500. ಪೆಟ್ರೋಲು, ಹೊಂಡದ ದುಡ್ಡು ಇದರಲ್ಲಿ ಸೇರಿಲ್ಲ. ಸೇರಿಸಿದರೆ ಲಾಭದ ಮಾತು ಇನ್ನೂ ದೂರ ಇದೆ. ಮನೆ ಸಾಲ, ಮಕ್ಕಳ ಫೀಸು ಹೊಲದಿಂದ ಕಟ್ಟುತ್ತೇವೆ ಅಂತ ಕೆಲಸ ಬಿಟ್ಟು ಬರುವವರಿಗೆ ನಾನು ಮೊದಲು ತೋರಿಸುವುದು ಈ ಎರಡು ಸಾಲಿನ ಲೆಕ್ಕವನ್ನೇ.

2025, ಮೇ

ಸತ್ತ ಗಿಡಗಳ ಜಾಗದಲ್ಲಿ ಹೊಸದು ನೆಟ್ಟು ಮತ್ತೆ 60 ಮಾಡಿದ್ದೇವೆ. ವಾರಕ್ಕೆ ಎರಡು ಸಲ, ಗಿಡಕ್ಕೆ 20 ಲೀಟರ್. ತಿಂಗಳಿಗೆ 10 ಸಾವಿರ ಲೀಟರ್ ಚಿಲ್ಲರೆ. ತುಂಬಿದ ಹೊಂಡದಿಂದ ಬಿಸಿಲು ತಿಂಗಳಿಗೆ ಸುಮಾರು 19 ಸಾವಿರ ಲೀಟರ್ ಎಳೆಯುತ್ತದೆ. ಗಿಡಗಳಿಗಿಂತ ಬಿಸಿಲು ಕುಡಿಯುವುದೇ ಹೆಚ್ಚು. ಆದ್ದರಿಂದ ಬೇಸಿಗೆಗೆ ಅಂತ ನೀರು ಕೂಡಿಡುವ ಆಸೆ ಬಿಟ್ಟಿದ್ದೇವೆ. ಚಳಿಗಾಲದಲ್ಲೇ ಎರಡು ಗುಂಟೆ ಸೊಪ್ಪು, ಬದನೆ, ಅವರೆಗೆ ಬಳಸಿದೆವು. ತರಕಾರಿ ಮನೆಗೂ ಅಜ್ಜನ ಮನೆಗೂ ಸಾಕಾಯಿತು. ಹಸು ತಂದಿಲ್ಲ. ವಾರದಲ್ಲಿ ಐದು ದಿನ ಇಲ್ಲದವರು ಹಸು ಕಟ್ಟಬಾರದು.

ಕಳೆದ ಭಾನುವಾರ ಕೋಲು 110 ಸೆಂಟಿಮೀಟರ್ ತೋರಿಸಿತು. ಅಂದರೆ 56 ಸಾವಿರ ಲೀಟರ್. ಜೂನ್ ಕೊನೆಯ ತನಕ ಬಿಸಿಲಿಗೆ 15, ಗಿಡಗಳಿಗೆ 13 ಹೋದರೂ ಒಟ್ಲಿಗೆ 28 ಸಾವಿರ ಉಳಿಯುತ್ತದೆ. ಈ ವರ್ಷವೂ ಅರ್ಧ ಎಕರೆ ರಾಗಿ ಅಂತ ಬರೆದುಕೊಂಡೆ. ಹೂಳು ಗುಂಡಿಯಿಂದ ಮೂವತ್ತೆಂಟು ಬಾಂಡ್ಲಿ ಮಣ್ಣು ತೆಗೆದು ಆ ಹತ್ತು ಗುಂಟೆಗೆ ಹಾಕಿದೆವು. ಒಂದು ಪೈಪ್‌ನ ಬಾಯಿಯ ಜಾಲರಿ ತುಕ್ಕು ಹಿಡಿದು ಹರಿದಿದೆ. ಕೃತ್ತಿಕೆ ಮಳೆ ಒಂದು ಸಲ ಬಂದು ಹೋಗಿದೆ. ರೋಹಿಣಿ ಶುರುವಾಗುವುದರೊಳಗೆ ಹೊಸ ಜಾಲರಿ ಕಟ್ಟಬೇಕು. ಶನಿವಾರ ಹೋಗುವಾಗ ಮಧುಗಿರಿಯಲ್ಲಿ ತಗೊಂಡು ಹೋಗುತ್ತೇವೆ.